ಮುಂದಿನ ಸಾಲಿನಲ್ಲಿ ಕೂತವರು

ನಮ್ಮ ಬೀದಿಯ ತಿರುವಿನಲ್ಲಿ, ಇಸ್ತ್ರಿಯವನ ತಳ್ಳುಗಾಡಿ ನಿಲ್ಲುವ ಗೋಡೆಯ ಮೇಲೆ ಕಳೆದ ತಿಂಗಳು ಒಂದು ಪೋಸ್ಟರ್ ಅಂಟಿಸಿದ್ದರು. ಈ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಫೋಟೊ ಹಾಕಿ, ಮೇಲೆ 'ಕಣ್ಣೀರ್ ಅಂಜಲಿ' ಎಂದು ಅಚ್ಚು ಮಾಡಿಸಿ ಗೋಡೆಗೋಡೆಗೂ ಅಂಟಿಸುತ್ತಾರೆ. ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಹಿಡಿದು ನಿಂತು ನಾನು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ನನ್ನ ತಮಿಳು ಓದು ಈಗಲೂ ಮೂರನೇ ಕ್ಲಾಸಿನ ಮಗುವಿನದು. ಹೆಸರು ಓದಿ ಮುಗಿಸಿ ಕಣ್ಣೆತ್ತಿ ಫೋಟೊ ನೋಡಿದರೆ, ಆ ಅಕ್ಷರಗಳನ್ನು ನನಗೆ ಕಲಿಸಿದವರೇ ಅಲ್ಲಿದ್ದರು. ತೀರಿಕೊಂಡು ಐದು ದಿನವಾಗಿತ್ತು. ಯಾರೂ ನನಗೆ ಹೇಳಿರಲಿಲ್ಲ, ಹೇಳಬೇಕಾದ ಕಾರಣವೂ ಅವರಿಗಿರಲಿಲ್ಲ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅದೇ ಹೆಸರು ಹಿಡಿದು ಮುನ್ನೂರು ಜನರನ್ನು ನಗಿಸಿದ್ದೇನೆ. ಅಷ್ಟು ಸಾಕು.

ಎಂಟು ವರ್ಷದ ಹಿಂದೆ ನಾವು ಪುಟ್ಟ ಮಗಳನ್ನು ಕಟ್ಟಿಕೊಂಡು ಮಂಡ್ಯದಿಂದ ಬಂದೆವು. ಗಂಡನಿಗೆ ಎಣ್ಣೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ನಾನು ವಿಮೆ ಕಚೇರಿಯಲ್ಲಿ ವರ್ಗ ಮಾಡಿಸಿಕೊಂಡೆ. ಚೆನ್ನೈಗೆ ಹೋಗುತ್ತಿದ್ದೇವೆ ಎಂದು ನೆಂಟರಿಷ್ಟರ ಮುಂದೆಲ್ಲ ಜಂಬ ಕೊಚ್ಚಿಕೊಂಡು ಬಂದು ಇಳಿದದ್ದು ಅದರ ಉತ್ತರದ ಅಂಚಿನ ತಿರುವೊಟ್ಟಿಯೂರಿನಲ್ಲಿ. ಇದಕ್ಕಿಂತ ಮಂಡ್ಯವೇ ದೊಡ್ಡ ಊರು ಅನ್ನಿಸಿತು. ಬೆಳಿಗ್ಗೆ ಕಾರ್ಖಾನೆಯ ಸೈರನ್, ಸಂಜೆ ದೇವಸ್ಥಾನದ ಗಂಟೆ, ಅದರ ನಡುವೆ ಇಡೀ ದಿನ ಒಣಮೀನಿನ ವಾಸನೆ. ಬೀದಿಯಲ್ಲಿ ಯಾರ ಮನೆಯಲ್ಲಿ ಯಾವ ಸಾರು, ಯಾರ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು ಎಂಬುದು ಎಲ್ಲರಿಗೂ ಗೊತ್ತು. ನಮಗೆ ಮಾತ್ರ ಏನೂ ಗೊತ್ತಿರಲಿಲ್ಲ.

ಸಾಮಾನು ಇಳಿಸಿದ ದಿನ ನಮ್ಮ ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯದಿಂದ ನನ್ನ ಗಂಡ ಮಂಚಕ್ಕೂ ಅದನ್ನು ಮಾಡಿದ ಬಡಗಿಗೂ ಸೇರಿಸಿ ಮಂಡ್ಯದ ಅಚ್ಚಗನ್ನಡದಲ್ಲಿ ಬಯ್ದರು. ಕೆಳಗಿನ ಮನೆಯ ಬಾಗಿಲು ತೆರೆಯಿತು. ಚೌಕಳಿ ಲುಂಗಿ ಉಟ್ಟ, ಕನ್ನಡಕದ ಒಂದು ಕಾಲಿನ ಬದಲು ದಾರ ಕಟ್ಟಿಕೊಂಡಿದ್ದ ಬಡಕಲು ಮುದುಕರೊಬ್ಬರು ಹೊರಗೆ ಬಂದು ನಿಂತರು. ನಾನು ನಾಚಿ ಕುಗ್ಗಿಹೋದೆ.

"ಕನ್ನಡದೋರಾ?" ಎಂದರು. ನನ್ನ ಗಂಡ ತಪ್ಪು ಮಾಡಿದವರಂತೆ ತಲೆ ಆಡಿಸಿದರು.

"ಇನ್ನೊಂದ್ ಸಲ ಬಯ್ಯಿ ಸಾರ್. ಈ ಬೈಗುಳ ಕೇಳಿ ಎಷ್ಟ್ ವರ್ಸ ಆಯ್ತೋ."

ಆಮೇಲೆ ಅವರೇ ಮಂಚದ ಕಾಲು ಬಿಚ್ಚಿಸಿದರು, ಇಬ್ಬರನ್ನು ಕರೆದು ಮೇಲಕ್ಕೆ ಸಾಗಿಸಿದರು. ಹೋಗುವಾಗ ನನ್ನ ಕಡೆ ತಿರುಗಿ ಹೇಳಿದ ಮಾತು ಅವರ ಬಾಯಿಂದ ಮುಂದೆ ಸಾವಿರ ಸಲ ಕೇಳಿದ್ದೇನೆ. "ಕವಲೆ ಪಡಬ್ಯಾಡಿ ಕಣವ್ವಾ, ಅಪ್ಪುರಂ ಎಲ್ಲಾ ಪಳಗೋಯ್ತದೆ." ಚಿಂತೆ ಮಾಡಬೇಡಿ, ಆಮೇಲೆ ಎಲ್ಲ ರೂಢಿಯಾಗುತ್ತದೆ ಎಂದು ಅದರ ಅರ್ಥ.

ಅವರ ಕನ್ನಡವೇ ಹಾಗಿತ್ತು. ಕೊಳ್ಳೇಗಾಲದ ಕಡೆಯವರು. ಹತ್ತೊಂಬತ್ತನೆಯ ವಯಸ್ಸಿಗೆ ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತರಾಗಿ ಬಂದು, ಇಲ್ಲಿಯವರನ್ನೇ ಮದುವೆಯಾಗಿ, ಇಲ್ಲೇ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಶಾಲೆಯೊಂದರ ಆಫೀಸಿನಲ್ಲಿ ಕೆಲಸ. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಐವತ್ತು ವರ್ಷ ಒಬ್ಬಂಟಿಯಾಗಿ ಕಾಪಾಡಿಕೊಂಡು ಬಂದ ಕನ್ನಡಕ್ಕೆ ತಮಿಳು ಮೆತ್ತಿಕೊಳ್ಳದೆ ಇರುತ್ತದೆಯೆ? ಮಾತಿನ ನಡುವೆ ಯಾವುದಾದರೂ ಕನ್ನಡ ಪದ ಕೈ ಕೊಟ್ಟರೆ ಅವರು ಬಲಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ಉಜ್ಜುತ್ತಿದ್ದರು, ಸಾರಿಗೆ ಉಪ್ಪು ಉದುರಿಸುವವರ ಹಾಗೆ. ಮೂರು ಉಜ್ಜಿಗೆ ಪದ ಸಿಕ್ಕಿದರೆ ಮುಖ ಅರಳುತ್ತಿತ್ತು. ಸಿಗದಿದ್ದರೆ ತಮಿಳು ಪದವನ್ನೇ ಹಾಕಿ ಮುಂದೆ ಹೋಗುತ್ತಿದ್ದರು.

ದಿನಾ ಸಂಜೆ ನಾನು ಕಚೇರಿಯಿಂದ ಬಂದು ಕಾಫಿ ಕುಡಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು. ಬರಲು ಏನಾದರೊಂದು ನೆಪ ಬೇಕು: ಒಂದು ಕಡ್ಡಿ ಕರಿಬೇವು, ನಮ್ಮ ಬಾಲ್ಕನಿಯಿಂದ ಬಿದ್ದ ಕ್ಲಿಪ್ಪು, ನಾಳೆ ನೀರಿನ ಲಾರಿ ಬರುವುದಿಲ್ಲವೆಂಬ ಸುದ್ದಿ. ಆ ಸುದ್ದಿಯನ್ನು ಹೇಳಲು ಅರ್ಧ ಗಂಟೆ. ನೆಪ ಹುಡುಕಿ ಸುಸ್ತಾಗಿ ಒಂದು ದಿನ ನಿಜವನ್ನೇ ಹೇಳಿಬಿಟ್ಟರು. "ನನ್ ನಾಲ್ಗೆಗೆ ದಿನಕ್ಕೆ ಅರ್ಧ ಗಂಟೆ ಕೆಲ್ಸ ಕೊಡಿ ಕಣವ್ವಾ. ಅಷ್ಟ್ ಕನ್ನಡ ಮಾತಾಡಿದ್ರೆ ಅವತ್ತು ಚೆನ್ನಾಗ್ ನಿದ್ದೆ ಬತ್ತದೆ." ಅವರಿಗೆ ನಾವು ಬೇಕಾಗಿದ್ದದ್ದು ಇಷ್ಟಕ್ಕೆ. ನಮಗೆ ಅವರು ಬೇಕಾಗಿದ್ದದ್ದು ಎಲ್ಲದಕ್ಕೆ.

ನಾವು ಬಂದ ಎರಡನೆಯ ಭಾನುವಾರ ಅವರು ನನ್ನ ಗಂಡನನ್ನು ಬೆಳಗಿನ ಜಾವ ಕಾಸಿಮೇಡು ಬಂದರಿನ ಹರಾಜಿನಲ್ಲಿ ಮೀನು ತರಲು ಕರೆದುಕೊಂಡು ಹೋದರು. ಕೆರೆಮೀನು ಬಿಟ್ಟು ಬೇರೆ ಮೀನು ಕಂಡವರಲ್ಲ ನಮ್ಮವರು. ಹರಾಜು ಕೂಗುವವನು ಒಂದೊಂದು ಸಲ ಇವರ ಮುಖ ನೋಡಿದಾಗಲೂ, ಹಿರಿಯರು ನೋಡಿದರೆ ತಲೆ ಆಡಿಸುವುದು ಮರ್ಯಾದೆ ಎಂದು ಕಲಿತು ಬಂದಿದ್ದ ನನ್ನ ಗಂಡ ಸೌಜನ್ಯದಿಂದ ತಲೆ ಆಡಿಸುತ್ತಾ ನಿಂತರು. ನಾಲ್ಕನೆಯ ಸಲ ಆಡಿಸುವಷ್ಟರಲ್ಲಿ ಒಂದು ಇಡೀ ಬುಟ್ಟಿ ನೆತ್ತಿಲಿ, ಬೆರಳುದ್ದದ ಮೀನು, ಇವರ ಪಾಲಿಗೆ ಬಂದಿತ್ತು. ಮೂರು ಜನರ ಮನೆಗೆ ಮದುವೆಗಾಗುವಷ್ಟು ಮೀನು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಮುದುಕರು ಒಂದಿಷ್ಟೂ ಗಾಬರಿಯಾಗಲಿಲ್ಲ. ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿ, ನಮ್ಮಿಬ್ಬರನ್ನೂ ಹಿಂದೆ ನಡೆಸಿಕೊಂಡು ಬೀದಿಯ ಒಂದು ತುದಿಯಿಂದ ಹೊರಟರು. ಪ್ರತಿ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಬೆಲ್ ಹೊಡೆದು, ಮನೆಯವರು ಪಾತ್ರೆ ತಂದಾಗ ನನ್ನ ಕೈಯಿಂದಲೇ ಮೀನು ಹಾಕಿಸಿ, ನಾವು ಯಾರು, ಎಲ್ಲಿಂದ ಬಂದವರು ಎಂದು ತಮಿಳಿನಲ್ಲಿ ಪರಿಚಯ ಮಾಡಿಸುವುದು. ಮುಂದಿನ ಮನೆಗೆ ಹೋಗುವಷ್ಟರಲ್ಲಿ ಹಿಂದಿನ ಮನೆಯ ವರದಿ ಕನ್ನಡದಲ್ಲಿ ನಮಗೆ. "ಈ ಮನೆ ಗಂಡ ಹೆಂಡ್ತಿ ದಿನಾ ಸಂಡೆ ಹಾಕ್ತಾರೆ, ಬೀದಿ ತನಕ ಕೇಳ್ತದೆ. ಕವಲೆ ಪಡಬ್ಯಾಡಿ, ಅಪ್ಪುರಂ ಅವ್ರೇ ಒಂದಾಯ್ತಾರೆ." ಸಂಡೆ ಎಂದರೆ ಅವರ ಲೆಕ್ಕದಲ್ಲಿ ಜಗಳ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಖಾಲಿಯಾಗಿತ್ತು, ನಾವು ಬೀದಿಗೆಲ್ಲ ಗೊತ್ತಿರುವವರಾಗಿದ್ದೆವು. ಮಾರನೆಯ ವಾರದಿಂದ ನೀರಿನ ಲಾರಿಯ ಸಾಲಿನಲ್ಲಿ ಹೆಂಗಸರು ನನ್ನ ಕೊಡಕ್ಕೂ ಜಾಗ ಬಿಡತೊಡಗಿದರು.

ಒಂದು ವರ್ಷದ ಮೇಲೆ ಮೀನು ಮಾರುವ ಹೆಂಗಸೊಬ್ಬಳು ನನಗೆ ಒಳಗುಟ್ಟು ಹೇಳಿದಳು. ಅವತ್ತು ಹರಾಜಿನವನಿಗೆ ಕಣ್ಸನ್ನೆ ಮಾಡಿ ಬುಟ್ಟಿಯನ್ನು ನನ್ನ ಗಂಡನ ಕಡೆ ತಿರುಗಿಸಿದ್ದೇ ಆ ಮುದುಕರಂತೆ. ಬರಿಗೈಯಲ್ಲಿ ಹೋಗಿ ಮನೆಮನೆಯ ಬಾಗಿಲು ತಟ್ಟಲು ಹೊಸಬರಿಗೆ ನಾಚಿಕೆಯಾಗುತ್ತದೆ, ಕೈಯಲ್ಲಿ ಏನಾದರೂ ಇರಲಿ ಎಂದರಂತೆ. ನಾನು ಹೋಗಿ ಕೇಳಿದೆ. ಬೆರಳು ಉಜ್ಜಿಕೊಂಡು ನಕ್ಕು, "ಕೋಚಿಕೋಬ್ಯಾಡಿ ಕಣವ್ವಾ" ಎಂದರು. ಸಿಟ್ಟು ಮಾಡಿಕೊಳ್ಳಬೇಡಿ ಎನ್ನುವುದನ್ನು ಅವರು ಹೇಳುತ್ತಿದ್ದದ್ದೇ ಹಾಗೆ.

ತಮಿಳು ಅಕ್ಷರ ಕಲಿಸಿದ್ದೂ ಅವರೇ. ಕೋಯಂಬೇಡಿಗೆ ಹೋಗಬೇಕಾದವಳು ಬೇರೆ ಬಸ್ಸು ಹತ್ತಿ ಎಲ್ಲೋ ಇಳಿದು ಅಳುತ್ತಾ ಬಂದ ದಿನದಿಂದ ಶುರುವಾಯಿತು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಅವರ ಮನೆಯಲ್ಲಿತ್ತು. ಹರಿದ ಹಾಳೆಯ ಬೆನ್ನಿಗೆ ಒಂದು ತಮಿಳು ಅಕ್ಷರ, ಅದರ ಪಕ್ಕದಲ್ಲಿ ಕನ್ನಡ ಅಕ್ಷರ, ಕೆಳಗೆ ಎರಡು ಸಾಲು ಕನ್ನಡದಲ್ಲಿ ವಿವರಣೆ ಬರೆದು ನಮ್ಮ ಬಾಗಿಲ ಕೆಳಗೆ ತೂರಿಸಿ ಹೋಗುತ್ತಿದ್ದರು. ಅವರ ಕೈಬರಹ ದುಂಡಗೆ ಮುತ್ತು ಪೋಣಿಸಿದ ಹಾಗಿತ್ತು. ಬರಹದಲ್ಲಿ ಒಂದೇ ಒಂದು ತಮಿಳು ಪದ ಇರುತ್ತಿರಲಿಲ್ಲ. ಬರೆಯುವಾಗ ಬೇಕಾದಷ್ಟು ಹೊತ್ತು ಬೆರಳು ಉಜ್ಜಬಹುದಲ್ಲ. ನಾನು ಅದನ್ನು ನೋಡಿದ್ದೆ. ನೋಡಿದ್ದೂ ಮುಂದಿನದನ್ನು ಮಾಡಿದೆ.

ನಗರದಲ್ಲಿ ಒಂದು ಕನ್ನಡ ಬಳಗವಿತ್ತು. ನಾವು ಬಂದ ಎರಡನೆಯ ವರ್ಷ ಅದಕ್ಕೆ ಸೇರಿದೆವು. ಬ್ಯಾಂಕಿನವರು, ದೊಡ್ಡ ಕಂಪನಿಗಳವರು, ಅವರ ಹೆಂಡತಿಯರು. ಎಲ್ಲಿ ಮನೆ ಎಂದು ಕೇಳುವರು. ತಿರುವೊಟ್ಟಿಯೂರು ಎಂದರೆ "ಅಯ್ಯೋ, ಅಷ್ಟು ದೂರ. ಆ ಕಡೆ ಮೀನಿನ ವಾಸನೆಯಂತಲ್ಲ" ಎಂದು ಮೂಗೆಳೆದು, ಪಕ್ಕದಲ್ಲಿದ್ದವರ ಸೀರೆಯ ಬಗ್ಗೆ ಮಾತಾಡತೊಡಗುವರು. ಎರಡು ಬಸ್ಸು ಬದಲಾಯಿಸಿ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಬರುವುದು ನನ್ನ ಪಾಡಾಗಿತ್ತು. ಬೀದಿಯ ಹೆಂಗಸರು ನನ್ನ ಕೊಡಕ್ಕೆ ಜಾಗ ಕೊಟ್ಟಿದ್ದರು. ಆದರೆ ನನಗೆ ಬಳಗದ ಈ ಹೆಂಗಸರ ನಡುವೆ ಒಂದು ಕುರ್ಚಿ ಬೇಕಿತ್ತು. ಅಷ್ಟೇ ನಿಜ, ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ.

ನವೆಂಬರಿನಲ್ಲಿ ಇಲ್ಲಿ ಮಳೆ ಹಿಡಿಯುವುದರಿಂದ ಬಳಗದ ರಾಜ್ಯೋತ್ಸವ ನಡೆಯುವುದು ಜನವರಿಯಲ್ಲಿ. ಮನೆಗೊಂದು ಕಾರ್ಯಕ್ರಮ ಕೊಡಬೇಕು. ಕಾಲೇಜಿನಲ್ಲಿ ಮೇಷ್ಟರನ್ನೆಲ್ಲ ಅಣಕಿಸಿ ಹೆಸರು ಮಾಡಿದವಳು ನಾನು. 'ಚೆನ್ನೈ ತಾತ' ಎಂದು ಹತ್ತು ನಿಮಿಷದ ಏಕಪಾತ್ರ ಮಾಡುತ್ತೇನೆಂದು ಹೆಸರು ಕೊಟ್ಟೆ.

ಅದೇ ವಾರ ಅವರನ್ನೂ ಕಾರ್ಯಕ್ರಮಕ್ಕೆ ಕರೆದೆ. ಈ ಮಾತನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ, ಆದರೆ ನಾನು ಕರೆದದ್ದು ಪ್ರೀತಿಯಿಂದಲೇ. ಅವರೂ ನೋಡಿ ನಗುತ್ತಾರೆ ಎಂದುಕೊಂಡಿದ್ದೆ. ನಮ್ಮ ಊರಿನಲ್ಲಿ ಪ್ರೀತಿಯಿದ್ದವರನ್ನೇ ಅಲ್ಲವೇ ಆಡಿಕೊಳ್ಳುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಅಲ್ಲಿ ಎಲ್ಲಾರೂ ಕನ್ನಡದಲ್ಲೇ ಮಾತಾಡ್ತಾರಾ?" ಎಂದು ಅವರು ಕೇಳಿದರು. ಹೌದು ಎಂದೆ. ಒಂದು ಗಳಿಗೆ ಬೆರಳು ಉಜ್ಜಿದರು. "ನಂಗೂ ಎರಡ್ ನಿಮಿಷ ಮೈಕ್ ಕೊಡ್ತಾರಾ ಕೇಳ್ತೀರಾ? ಕನ್ನಡದಲ್ಲಿ ಮೈಕ್ ಮುಂದೆ ನಾನ್ ಒಂದ್ ದಿನಾನೂ ನಿಂತಿಲ್ಲ." ಕಾರ್ಯದರ್ಶಿಗೆ ಹೇಳಿದೆ. ಊಟಕ್ಕೆ ಮುಂಚೆ 'ಹಿರಿಯರಿಂದ ಎರಡು ಮಾತು' ಎಂದು ಸೇರಿಸಿದರು.

ಅವತ್ತು ಅವರು ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ, ಕನ್ನಡಕಕ್ಕೆ ಹೊಸ ಕಾಲು ಹಾಕಿಸಿಕೊಂಡು ಬಂದರು. ಮಗಳಿಗೆ ರಜೆ ಹಾಕಿಸಿ ಕರೆತಂದಿದ್ದರು. "ನಮ್ ಜನಾನ ಇವ್ಳು ಒಟ್ಟಿಗೆ ನೋಡೇ ಇಲ್ಲ ಕಣವ್ವಾ." ಬಸ್ಸಿನಲ್ಲಿ ಉದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಜೇಬಿನಲ್ಲಿ ಮಡಿಸಿದ ಎರಡು ಕ್ಯಾಲೆಂಡರ್ ಹಾಳೆಗಳಿದ್ದವು. ಕಲ್ಯಾಣ ಮಂಟಪದಲ್ಲಿ ಮುಂದಿನ ಸಾಲು ಹಿರಿಯರಿಗೆಂದು ಬಿಟ್ಟಿದ್ದರು. ನಾನೇ ಕೈ ಹಿಡಿದು ಕರೆದೊಯ್ದು ಅಪ್ಪ ಮಗಳನ್ನು ಅಲ್ಲಿ ಕೂರಿಸಿದೆ.

ಚೌಕಳಿ ಲುಂಗಿ ಉಟ್ಟು, ಕನ್ನಡಕಕ್ಕೆ ದಾರ ಕಟ್ಟಿಕೊಂಡು ನಾನು ವೇದಿಕೆಗೆ ಬಂದೆ. ಪಾತ್ರಕ್ಕೆ ಅವರ ಹೆಸರನ್ನೇ ಇಟ್ಟಿದ್ದೆ. ಹೊಸದಾಗಿ ಬಂದವರಿಗೆ ತಾತ ದಾರಿ ಹೇಳುವ ದೃಶ್ಯ. "ನೇರಾ ಹೋಗಿ ಕಣವ್ವಾ, ಅಪ್ಪುರಂ ಎಡಗೈ ಪಕ್ಕ ತಿರುಂಬಿ, ಅಲ್ಲೊಂದ್ ಮರ ಇತ್ತು, ಈಗಿಲ್ಲ, ಅದ್ರ ನೆಳ್ಳಲ್ಲಿ ನಿಂತ್ಕಳಿ." ಸಭೆ ಬಿದ್ದು ಬಿದ್ದು ನಕ್ಕಿತು. ಬೆರಳು ಉಜ್ಜುವುದನ್ನು ಮಾಡಿದೆ. ಅವರು ಮೂರು ಸಲ ಉಜ್ಜುತ್ತಿದ್ದರೆ ನಾನು ಮೂವತ್ತು ಸಲ ಉಜ್ಜಿದೆ, ಪದ ಸಿಗದೆ ಒದ್ದಾಡಿದೆ, ಕೊನೆಗೆ ಹಿಗ್ಗಿನಿಂದ ಒಂದು ತಮಿಳು ಪದ ಉದುರಿಸಿದೆ. 'ಕೋಚಿಕೋಬ್ಯಾಡಿ' ಎಂದಾಗಲಂತೂ ಹಿಂದಿನ ಸಾಲಿನವರು ಸಿಳ್ಳೆ ಹಾಕಿದರು. ನಗಿಸುವವರಿಗೆ ನಗುವಿನ ಸದ್ದು ತಲೆಗೇರುತ್ತದೆ. ಹತ್ತು ನಿಮಿಷದ್ದನ್ನು ಇಪ್ಪತ್ತು ನಿಮಿಷ ಎಳೆದೆ.

ನಡುವೆ ಒಮ್ಮೆ ಮುಂದಿನ ಸಾಲಿನ ಕಡೆ ಕಣ್ಣು ಹೋಯಿತು. ಅವರು ನಗುತ್ತಿದ್ದರು. ಅಕ್ಕಪಕ್ಕದವರು ನಕ್ಕಾಗ ನಕ್ಕು, ಅವರು ನಿಲ್ಲಿಸಿದಾಗ ನಿಲ್ಲಿಸುತ್ತಿದ್ದರು. ಮಗಳು ನಗುತ್ತಿರಲಿಲ್ಲ. ಅವಳು ಅಪ್ಪನ ಬಲಗೈಯನ್ನು ತನ್ನ ಎರಡೂ ಕೈಗಳಿಂದ ಮುಚ್ಚಿ ಹಿಡಿದುಕೊಂಡಿದ್ದಳು. ನಾನು ನೋಡಿದೆ, ಆದರೂ ನಿಲ್ಲಿಸಲಿಲ್ಲ.

ಕೆಳಗಿಳಿದಾಗ ಕಾರ್ಯದರ್ಶಿ ನನ್ನ ಕೈ ಕುಲುಕಿದರು. "ಬಾಗಿಲಲ್ಲಿ ಮಾತಾಡಿಸಿದ್ನಲ್ಲ, ಅಚ್ಚು ಅವರೇ ಕಣ್ರೀ. ಕಣ್ಣು ಮುಚ್ಚಿಕೊಂಡು ಕೇಳಿದರೆ ವ್ಯತ್ಯಾಸ ಗೊತ್ತಾಗಲ್ಲ." ಮೊದಲ ಬಹುಮಾನ, ಒಂದು ಸ್ಟೀಲ್ ಡಬ್ಬಿ, ನನ್ನದಾಯಿತು. ಆಮೇಲೆ ಮೈಕಿನಲ್ಲಿ ಹಿರಿಯರನ್ನು ಕರೆದರು. ಅವರು ಕೂತಲ್ಲಿಂದಲೇ ಕೈ ಮುಗಿದು, ಗಂಟಲು ಸರಿಯಿಲ್ಲ ಎಂಬಂತೆ ಕುತ್ತಿಗೆ ಮುಟ್ಟಿ ತೋರಿಸಿದರು. ಊಟದಲ್ಲಿ ಆ ಹೆಂಗಸರು ತಮ್ಮ ಪಕ್ಕದ ಕುರ್ಚಿ ಎಳೆದು ನನ್ನನ್ನು ಕೂರಿಸಿಕೊಂಡರು. ಹೋಳಿಗೆ ಬಹಳ ಚೆನ್ನಾಗಿತ್ತು, ಎರಡು ತಿಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಗೇಟಿನ ಹತ್ತಿರ ನಿಂತು ನನಗೆ, "ನಲ್ಲಾ ಪಣ್ಣೀಂಗಮ್ಮಾ" ಎಂದರು. ಚೆನ್ನಾಗಿ ಮಾಡಿದಿರಿ ಎಂದು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದಾದ ಮೇಲೆ ಅವರು ನನ್ನ ಹತ್ತಿರ ಒಂದೇ ಒಂದು ಕನ್ನಡ ಪದ ಆಡಲಿಲ್ಲ.

ನನಗೆ ಅದು ಗೊತ್ತಾಗಲು ಮೂರು ವಾರ ಬೇಕಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಅವರೇನು ಮುಖ ಸಿಂಡರಿಸಿಕೊಂಡು ತಿರುಗಲಿಲ್ಲ. ನೀರಿನ ಲಾರಿ ಬಂದರೆ ಕೂಗಿ ಹೇಳುತ್ತಿದ್ದರು, ನನ್ನ ಮಗಳಿಗೆ ಜ್ವರ ಬಂದಾಗ ಆಟೊ ಕರೆಸಿದರು. ಎಲ್ಲ ತಮಿಳಿನಲ್ಲಿ. ಸಂಜೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಮಾತ್ರ ನಿಂತುಹೋಯಿತು. ಮೊದಮೊದಲು, ನನಗೆ ತಮಿಳು ರೂಢಿಯಾಗಲಿ ಎಂದು ಹೀಗೆ ಮಾಡುತ್ತಿದ್ದಾರೆ ಎಂದೇ ತಿಳಿದಿದ್ದೆ. ಎಂಥ ಪೆದ್ದಿ ಇರಬೇಕು ನಾನು. ಕೊನೆಗೊಂದು ದಿನ, "ಯಾಕ್ ಸಾರ್, ನನ್ ಜೊತೆ ಕನ್ನಡ ಬಿಟ್ಟೇಬಿಟ್ರಿ?" ಎಂದು ಕೇಳಿಯೇಬಿಟ್ಟೆ. ತಮಿಳು ಕಲಿಯಬೇಕೆಂದು ನೀವೇ ಅಲ್ಲವೇ ಹೇಳಿದ್ದು ಎಂದು ತಮಿಳಿನಲ್ಲೇ ನಕ್ಕು ಹೇಳಿದರು. ಆ ನಗುವನ್ನು ನಾನು ಮೊದಲು ನೋಡಿದ್ದೆ, ಮುಂದಿನ ಸಾಲಿನಲ್ಲಿ.

ಆಗಲೇ ಕೈ ಹಿಡಿದು ತಪ್ಪಾಯಿತು ಎನ್ನಬೇಕಿತ್ತು. ಒಂದು ಪದದ ಮಾತು. ಬಾಯಿ ಬರಲಿಲ್ಲ. ತಮಾಷೆಗೆ ಮಾಡಿದ್ದನ್ನು ಇಷ್ಟು ದೊಡ್ಡದು ಮಾಡಬೇಕೆ ಎಂದು ಒಳಗೊಳಗೇ ಅವರ ಮೇಲೆಯೇ ಸಿಟ್ಟು ಬಂತು. ನಮ್ಮ ತಪ್ಪನ್ನು ನೆನಪಿಸುವವರ ಮೇಲೆ ಬರುವ ಸಿಟ್ಟಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಆ ಸಿಟ್ಟಿನಲ್ಲೇ ಮುಂದಿನ ವರ್ಷ ಬಳಗದವರು 'ತಾತನನ್ನು ಮತ್ತೆ ಕರೆತನ್ನಿ' ಎಂದು ಕೇಳಿದಾಗ ಒಪ್ಪಿಕೊಂಡೆ. ಈ ಸಲ ಅವರನ್ನು ಕರೆಯಲಿಲ್ಲ. ಹೊಸದಾಗಿ ನಾಲ್ಕು ಮಾತು ಸೇರಿಸಿ ಮೊದಲಿಗಿಂತ ಹೆಚ್ಚು ನಗಿಸಿದೆ. ಅದನ್ನು ಯಾರೋ ಫೋನಿನಲ್ಲಿ ಚಿತ್ರ ಹಿಡಿದು ಬಳಗದ ಗುಂಪಿಗೆ ಹಾಕಿದರು. ಹೊಸಬರು ಸೇರಿದಾಗಲೆಲ್ಲ ಅದು ಮತ್ತೆ ಮೇಲೆ ಬರುತ್ತದೆ.

ಮೂರು ವರ್ಷದ ಹಿಂದೆ ನಾವು ನಾಲ್ಕು ಬೀದಿ ಆಚೆ ಬೇರೆ ಮನೆಗೆ ಹೋದೆವು. ಮನೆ ಚಿಕ್ಕದಾಯಿತು ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ಆ ಮೆಟ್ಟಿಲು ಇಳಿಯುವಾಗಲೆಲ್ಲ ಕೆಳಗಿನ ಬಾಗಿಲು ತೆರೆದಿರಬಾರದಪ್ಪಾ ಎಂದು ಬೇಡಿಕೊಳ್ಳುವುದು ಸಾಕಾಗಿತ್ತು. ನಾವು ಬಿಟ್ಟ ಮನೆಗೆ ಹಾಸನದ ಕಡೆಯ ಹೊಸ ದಂಪತಿ ಬಂದರು. ಬಳಗದಲ್ಲಿ ಸಿಕ್ಕಾಗ ಆ ಹುಡುಗಿ ನನ್ನ ಮುಂದೆ ಕಣ್ಣೀರು ಹಾಕಿದಳು. ಭಾಷೆ ಬರದೆ ತಿಂಗಳೊಪ್ಪತ್ತು ಒದ್ದಾಡಿದ್ದಾಳೆ, ನೀರಿನ ಸಾಲಿನಲ್ಲಿ ಯಾರೂ ಜಾಗ ಬಿಡುವುದಿಲ್ಲವಂತೆ.

"ಕೆಳಗಿನ ಮನೆಯಲ್ಲಿ ಹಿರಿಯರು ಇದ್ದಾರಲ್ಲ, ಕೇಳಬಾರದಿತ್ತಾ?" ಎಂದೆ.

"ಆ ತಮಿಳು ತಾತನಾ ಅಕ್ಕ? ಒಳ್ಳೆಯವ್ರು ಪಾಪ. ನಾವಿಬ್ರು ಮಾತಾಡ್ಕೊಂಡು ಮೆಟ್ಲು ಹತ್ತುವಾಗ ಬಾಗ್ಲಲ್ಲಿ ನಿಂತು ಕೇಳ್ತಾ ಇರ್ತಾರೆ. ಆದ್ರೆ ಅವ್ರಿಗೆ ನಮ್ಮ ಭಾಷೆ ಒಂದಕ್ಷರಾನೂ ಬರಲ್ಲ."

ನಾನು ಅವಳ ಮಾತನ್ನು ತಿದ್ದಲಿಲ್ಲ. ತಿದ್ದಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಅವರು ನನ್ನ ಹತ್ತಿರ ಕನ್ನಡ ಬಿಟ್ಟ ಈ ಆರು ವರ್ಷದಲ್ಲಿ ನನ್ನ ನಾಲಗೆಗೂ ಏನೋ ಆಗಿದೆ. ಮಗಳಿಗೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಬರುತ್ತದೆ. ಮಂಡ್ಯದಿಂದ ತಂಗಿ ಫೋನು ಮಾಡಿದರೆ ನಡುನಡುವೆ ಕಿಸಕ್ಕೆಂದು ನಗುತ್ತಾಳೆ. "ಏನಕ್ಕಾ ಅದು, ಇನ್ನೊಂದ್ಸಲ ಹೇಳು, ಮಕ್ಕಳಿಗೆ ಕೇಳಿಸ್ತೀನಿ" ಎಂದು ಸ್ಪೀಕರು ಹಾಕುತ್ತಾಳೆ. ನಾನು ಬೇರೆ ಕೆಲಸವಿದೆ ಎಂದು ಇಟ್ಟುಬಿಡುತ್ತೇನೆ.

ಪೋಸ್ಟರಿನಲ್ಲಿ ಹದಿನಾರನೆಯ ದಿನದ ಕಾರ್ಯದ ತಾರೀಖು ಇತ್ತು. ಹೋದೆ. ಅದೇ ಗೇಟು, ಅದೇ ಮೆಟ್ಟಿಲು. ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಫೋಟೊ ಇಟ್ಟು ಸಂಪಿಗೆ ಹಾರ ಹಾಕಿದ್ದರು. ಬೀದಿಯ ಹೆಂಗಸರೆಲ್ಲ ಬಂದಿದ್ದರು. ಅವರ ಮಗಳು ನನ್ನನ್ನು ನೋಡಿ ಎದ್ದು ಬಂದಳು. ಕೂದಲು ನೆರೆತಿತ್ತು. ನನ್ನನ್ನು ಫೋಟೊದ ಪಕ್ಕದಲ್ಲಿ ಕೂರಿಸಿಕೊಂಡಳು.

ಹತ್ತು ದಿನ ಆಸ್ಪತ್ರೆಯಲ್ಲಿದ್ದರಂತೆ. ಕೊನೆಯ ನಾಲ್ಕು ದಿನ ಅವರ ಬಾಯಿಂದ ಬರೀ ಕನ್ನಡವೇ ಬಂತಂತೆ. ಚಿಕ್ಕಂದಿನ ಊರು, ಯಾವುದೋ ಬಾವಿ, ಯಾರದೋ ಹೆಸರು. ನರ್ಸುಗಳಿಗೆ ತಿಳಿಯದು. ಮಗಳಿಗೆ ಅರ್ಧ ತಿಳಿಯುತ್ತಿತ್ತು, ತಿರುಗಿ ಕನ್ನಡದಲ್ಲಿ ಉತ್ತರ ಕೊಡಲು ಬರುತ್ತಿರಲಿಲ್ಲ. ಇದನ್ನೆಲ್ಲ ಅವಳು ತಮಿಳಿನಲ್ಲಿ, ನೆಲ ನೋಡುತ್ತಾ ಹೇಳಿದಳು.

"ಕನ್ನಡದ ಅಕ್ಕನನ್ನು ಕರೆಯಲಾ ಅಪ್ಪಾ, ಹತ್ತಿರದಲ್ಲೇ ಇದ್ದಾರೆ, ಮಾತಾಡುವೆಯಂತೆ ಎಂದು ಕೇಳಿದೆ. ಬೇಡ ಎಂದರು."

"ಯಾಕೆ?" ಎಂದು ನಾನು ಕೇಳಬಾರದಿತ್ತು. ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ಸಿರಿಪ್ಪಾಂಗ" ಎಂದಳು. ನಗುತ್ತಾರೆ. ಅಪ್ಪ ಅಂದದ್ದು ಅಷ್ಟೇ.

ಏನಾದರೂ ಕೇಳಬೇಕೆಂದು, ಆ ದಿನ ಅಂಗಿಯ ಜೇಬಿನಲ್ಲಿದ್ದ ಎರಡು ಹಾಳೆಗಳ ವಿಷಯ ಕೇಳಿದೆ. ಅವಳಿಗೆ ನೆನಪಿತ್ತು. ಜೇಬು ನೋಡದೆ ಅಂಗಿಯನ್ನು ಒಗೆಯಲು ಹಾಕಿಬಿಟ್ಟಿದ್ದಳಂತೆ, ಹಿಂಡುವಾಗ ಮುದ್ದೆಯಾಗಿ ಕೈಗೆ ಬಂತಂತೆ. ಅಪ್ಪನಿಗೆ ತೋರಿಸಿದರೆ, ಪರವಾಗಿಲ್ಲ ಬಿಡು, ಇನ್ನು ಅದರಿಂದ ಏನೂ ಆಗಬೇಕಾದ್ದಿಲ್ಲ ಎಂದರಂತೆ. ಅದರಲ್ಲಿ ಏನು ಬರೆದಿದ್ದರೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಎಲೆ ಹಾಕಲು ಯಾರೋ ಕರೆದರು. ಅವಳು ಏಳುತ್ತಾ, ಏನೋ ನೆನಪಾದವಳಂತೆ ನಿಂತಳು. "ಅಕ್ಕಾ, ಅಪ್ಪನ ಮುಂದೆ ಕನ್ನಡದಲ್ಲಿ ಏನಾದರೂ ಹೇಳಿ. ಕೇಳಿಸಿಕೊಳ್ಳಲಿ."

ಅವಳು ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಫೋಟೊದ ಮುಂದೆ ನಿಂತೆ. ಒಳ್ಳೆಯ ಕನ್ನಡದಲ್ಲಿ, ಅವರು ಹಾಳೆಯ ಬೆನ್ನಿಗೆ ಬರೆಯುತ್ತಿದ್ದಂಥ ಕನ್ನಡದಲ್ಲಿ ನಾಲ್ಕು ಮಾತಾಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಯಿ ತೆರೆದೆ. ಕ್ಷಮಿಸಿ ಎನ್ನುವ ಮಾತು ಎಲ್ಲೋ ಜಾರಿಹೋಯಿತು. ಹುಡುಕಿದೆ, ಸಿಗಲಿಲ್ಲ.

"ಸಾರ್," ಎಂದೆ. "ಆವಾಗ್ಲೇ ಬರಬೇಕಿತ್ತು, ಬರಲಿಲ್ಲ. ತಪ್ಪಾಗೋಯ್ತು. ನೀವು... ಕೋಚಿಕೋಬ್ಯಾಡಿ ಸಾರ್."

ತಿರುಗಿ ನೋಡಿದೆ. ಅವರ ಮಗಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ನನ್ನ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಇನ್ನೂ ಉಜ್ಜುತ್ತಲೇ ಇತ್ತು.

"ಅಚ್ಚು ಅಸಲ್ ಅಪ್ಪಾ ಮಾದಿರಿಯೇ," ಎಂದಳು. ಅಚ್ಚು ಅಪ್ಪನ ಹಾಗೆಯೇ. ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಎಲೆ ಹಾಕಲು ಒಳಗೆ ಹೋದಳು.